ಕೇಳುವವರಿದ್ದರೆ ಮಗು ಓದುತ್ತದೆ

ಮಕ್ಕಳಲ್ಲಿ ಓದುವ ಅಭಿರುಚಿ ಕುಂದುತ್ತಿದೆಯೆಂದು ನಾವು ಹಿರಿಯರು ಕೂಡಿದಲ್ಲೆಲ್ಲ ವ್ಯಥೆಪಡುತ್ತೇವೆ. ದೂರದರ್ಶನ, ಮೊಬೈಲುಗಳ ಮೇಲೆ ದೋಷ ಹೊರಿಸಿ ಸಮಾಧಾನ ತಂದುಕೊಳ್ಳುತ್ತೇವೆ. ಈ ವಿಷಯದಲ್ಲಿ ನನ್ನ ಪಾಲಿನ ದೋಷವೆಷ್ಟು ಎಂಬುದನ್ನು ಅರಿಯಲು ಮಾತ್ರ ನಾನು ಎಪ್ಪತ್ತು ದಾಟಬೇಕಾಯಿತು.

ನನ್ನ ಬಾಲ್ಯ ಕಳೆದುದು ಬೈಲಹೊಂಗಲದ ಸಮೀಪದ ಒಂದು ಹಳ್ಳಿಯಲ್ಲಿ. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. 1963ರ ಸುಮಾರಿಗೆ ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಗುರುಗಳು ತಾವು ಓದಿ ಮುಗಿಸಿದ ‘ಚಂದಮಾಮ’ದ ಸಂಚಿಕೆಗಳನ್ನು ನನಗೆ ಕೊಡುತ್ತಿದ್ದರು. 1949ರಲ್ಲಿ ಕನ್ನಡದಲ್ಲಿ ಆರಂಭವಾಗಿ ಹಲವು ತಲೆಮಾರುಗಳ ಮಕ್ಕಳನ್ನು ಓದಿಗೆ ಹಚ್ಚಿದ ಆ ಮಾಸಪತ್ರಿಕೆ ಇಂದು ನಿಂತುಹೋಗಿದೆ. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ, ನಾನು ಪಕ್ಕದಲ್ಲಿ ಕುಳಿತು ಬೇತಾಳನ ಕಥೆ ಓದುತ್ತಿದ್ದೆ. “ತಡಿ, ಈ ರೊಟ್ಟಿ ತಿರುವಿ ಹಾಕ್ತೀನಿ” ಎನ್ನುವಳು. ಮರುಕ್ಷಣವೇ, “ಹೂಂ, ಮುಂದ ಏನಾತು?” ಎಂದು ಕೇಳುವಳು. ನನ್ನ ತಪ್ಪನ್ನು ಎತ್ತಿ ತೋರಿಸುವುದು ಅವಳಿಂದಾಗದು. ಅರ್ಥವಾಗದಿದ್ದಾಗ “ಇನ್ನೊಮ್ಮೆ ಹೇಳು” ಎನ್ನುವಳು. ಆಗ ನಾನೇ ಮರಳಿ ನೋಡಿ ತಿದ್ದಿಕೊಳ್ಳುತ್ತಿದ್ದೆ. ಅಕ್ಷರ ಕಲಿತದ್ದು ಶಾಲೆಯಲ್ಲಿ. ಓದಿನ ರುಚಿ ಹತ್ತಿದ್ದು ಆ ಒಲೆಯ ಮುಂದೆ.

ಮುಂದೆ ನಾನು ಶಿಕ್ಷಕನಾದೆ. ನನ್ನ ಮಗನಿಗೆ ಎಂಟು ವರ್ಷವಾದಾಗ ದಿನವೂ ದೀಪ ಹಚ್ಚಿದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದೆ. ಒತ್ತಕ್ಷರವೊಂದು ತಪ್ಪಿದರೆ ಆ ಶಬ್ದವನ್ನು ಹತ್ತು ಸಲ ಬರೆಯಬೇಕು. ಬೆತ್ತ ಪಕ್ಕದಲ್ಲಿಯೇ ಇರುತ್ತಿತ್ತು. ಅವನು ಚೆನ್ನಾಗಿ ಕಲಿತು ಇಂಜಿನಿಯರನಾದ. ಆದರೆ ಪರೀಕ್ಷೆಗಳು ಮುಗಿದ ದಿನವೇ ಅವನ ಓದೂ ಮುಗಿಯಿತು. ಈಚೆಗೊಮ್ಮೆ ಯಾವುದೋ ಮಾತಿಗೆ, ಕೋಪವಿಲ್ಲದೆಯೇ ಹೇಳಿದ: “ಅಪ್ಪಾಜಿ, ಪುಸ್ತಕ ಕೈಯಾಗ ಹಿಡದ್ರ ಇನ್ನೂ ನನಗ ನಿಮ್ಮ ಬೆತ್ತ ನೆನಪಾಗ್ತದ.” ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಳೆದ ವರ್ಷ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಓದಬಾರದೆಂದು ವೈದ್ಯರು ಹೇಳಿದರು. ಎಂಟು ವರ್ಷದ ಮೊಮ್ಮಗಳು ತಾನಾಗಿಯೇ ಪಂಚತಂತ್ರದ ಕಥೆಗಳ ಪುಸ್ತಕ ಹಿಡಿದು ಬಂದು, “ಅಜ್ಜಾ, ನಾ ಓದ್ಲೇನು?” ಎಂದಳು. ಅವಳು ಓದುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ, ಕನ್ನಡದಲ್ಲಿ ತಡವರಿಸುತ್ತಾಳೆ. ಮಂಗ ಮೊಸಳೆಯ ಬೆನ್ನೇರಿ ನಡುಹೊಳೆ ತಲುಪಿದಾಗ ‘ಹೃದಯ’ ಎಂಬಲ್ಲಿ ಎಡವಿದಳು. ತಿದ್ದುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆಯೇ: “ಮುಂದ ಏನಾತವ್ವಾ?” ಅದು ನನ್ನ ತಾಯಿಯ ಮಾತು! ಮಗು ಹಿಂದಿನ ಸಾಲಿಗೆ ಹೋಗಿ, ಕೂಡಿಸಿ ಓದಿ, ತಾನೇ ಸರಿಪಡಿಸಿಕೊಂಡಿತು.

ಕಣ್ಣು ವಾಸಿಯಾದರೂ ನಮ್ಮ ಸಂಜೆಯ ಓದು ನಿಲ್ಲಲಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು. ಆ ಹೊತ್ತಿನಲ್ಲಿ ಮನೆಯವರೆಲ್ಲರ ಮೊಬೈಲು ಕಪಾಟಿನ ಮೇಲಿರುತ್ತದೆ. ಒಂದೇ ಕಥೆಯನ್ನು ಹತ್ತು ಸಲ ಓದುತ್ತೇನೆಂದರೂ ಬೇಡವೆನ್ನುವುದಿಲ್ಲ. ಓದಿದ ಬಳಿಕ ಪ್ರಶ್ನೆ ಕೇಳಿ ಪರೀಕ್ಷಿಸುವುದೂ ಇಲ್ಲ. ಪುಸ್ತಕಗಳನ್ನು ಗಾಜಿನ ಬೀರುವಿನಿಂದ ತೆಗೆದು ಅವಳ ಕೈಗೆಟುಕುವಂತೆ ಇಟ್ಟಿದ್ದೇವೆ.

ಕೊಳ್ಳುವ ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಗಿದೆ. ಇಂದು ‘ಅರಿವು ಕೇಂದ್ರ’ಗಳೆಂದು ಕರೆಯಲಾಗುವ ಈ ಗ್ರಂಥಾಲಯಗಳಿಗೆ ಮಗುವನ್ನು ಕರೆದೊಯ್ದು, ಪುಸ್ತಕವನ್ನು ಅದೇ ಆರಿಸಿಕೊಳ್ಳಲು ಬಿಡಿರಿ.

ಒಂದು ಸಂಜೆ ಮಗ ಕೆಲಸದಿಂದ ಮರಳಿದವನು ನನ್ನ ಮಂಚದ ಅಂಚಿನಲ್ಲಿ ಕುಳಿತು ಕಥೆ ಮುಗಿಯುವವರೆಗೆ ಕೇಳಿದ. ಏನನ್ನೂ ಆಡಲಿಲ್ಲ. ಮರುವಾರ ಧಾರವಾಡದಿಂದ ಬರುವಾಗ ಮಗಳಿಗೆಂದು ಮೂರು ಪುಸ್ತಕ ತಂದಿದ್ದ. ಅವನು ಇನ್ನೂ ಓದುವುದಿಲ್ಲ, ಕೇಳುತ್ತಾನೆ. ನನಗೆ ಅಷ್ಟೇ ಸಾಕು.

ತಂದೆ-ತಾಯಿಯರೇ, ಅಜ್ಜ-ಅಜ್ಜಿಯರೇ, ಮಗುವಿಗೆ ಓದು ಎಂದು ಹೇಳುವ ಮೊದಲು ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅಕ್ಷರ ಬಾರದ ನನ್ನ ತಾಯಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೇ?