ಮಾಮನ ಬಾಗಿಲು

ನಮ್ಮ ಮಾಮ ತೆಂಗಿನ ನಾರಿನ ಹುರಿಹಗ್ಗ ಮಾಡುತ್ತಿದ್ದರು. ನೈಲಾನ್ ಹಗ್ಗ ಬಂದ ಮೇಲೆ ಕೇಳುವವರಿಲ್ಲದೆ ನಾರು ಕೊಟ್ಟಿಗೆಯಲ್ಲಿ ರಾಶಿ ಬಿದ್ದಿತ್ತು. 2004ರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ನಾನು, ಆ ನಾರಿಗೆ ಪಾಲಿಯೆಸ್ಟರ್ ರಾಳ ಸುರಿದು ಹಲಗೆ ಮಾಡಿದರೆ ಗೆದ್ದಲು ಹಿಡಿಯದ ಬಚ್ಚಲುಮನೆ ಬಾಗಿಲಾಗುತ್ತದೆ ಎಂದು ಅವರಿಗೆ ಮಾತು ಕೊಟ್ಟೆ. ಹುಡುಗುತನದ ಧೈರ್ಯ.

ಮೊದಲ ಹಲಗೆ ಬಗ್ಗಿಸಿದೊಡನೆ ಮುರಿಯಿತು. ಮುರಿದ ಅಂಚಿನಲ್ಲಿ ನಾರುಗಳು ತುಂಡಾಗಿರಲಿಲ್ಲ. ರಾಳದಿಂದ ಜಾರಿ ಹೊರಬಂದು ಗಡ್ಡದ ಹಾಗೆ ನಿಂತಿದ್ದವು. ನಾರಿನ ಮೈಮೇಲೆ ಮೇಣದಂಥ ಪದರ ಇರುತ್ತದೆ. ಸಾಲದ್ದಕ್ಕೆ ನಾರು ನೀರನ್ನು ಹೀರುವಂಥದ್ದು, ರಾಳ ನೀರನ್ನು ದೂರ ಇಡುವಂಥದ್ದು. ಇಬ್ಬರ ನಡುವೆ ಹಿಡಿತವಿಲ್ಲದಿದ್ದರೆ ರಾಳದ ಮೇಲೆ ಬಿದ್ದ ಹೊರೆ ನಾರಿಗೆ ದಾಟುವುದೇ ಇಲ್ಲ.

ಕಾಸ್ಟಿಕ್ ಸೋಡಾದ ನೀರಿನಲ್ಲಿ ನಾರು ನೆನೆಸಿದರೆ ಮೇಣ ಹೋಗುತ್ತದೆ, ಮೈಮೇಲಿನ ಸಣ್ಣ ಗುಬುಟುಗಳು ಉದುರಿ ಕುಳಿಗಳಾಗುತ್ತವೆ, ರಾಳ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಇದನ್ನು ಹೇಳಿದಾಗ ಮಾಮ ನಕ್ಕರು. ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಸಿ ನಾರು ಬಿಡಿಸುವವರು ಅವರು. "ನಿನ್ನ ಸೋಡಾದ ಕೆಲಸ ನಮಗೆ ಹೊಳೆಯೇ ಮಾಡಿಕೊಡುತ್ತದೆ ಮಾರಾಯ" ಎಂದರು. ಪೂರ್ತಿ ಒಂದೇ ಅಲ್ಲ, ಆದರೆ ಅವರ ಮಾತು ತೀರಾ ತಪ್ಪೂ ಅಲ್ಲ.

ಎರಡನೇ ಸಲ ಅತಿಯಾಸೆಯಿಂದ ಸೋಡಾ ಹೆಚ್ಚು ಹಾಕಿ ಎರಡು ದಿನ ಬಿಟ್ಟೆ. ನಾರಿನ ಒಳಗೇ ಸೋಡಾ ತಿಂದು, ಒಣಗಿಸಿದಾಗ ಬೆರಳಲ್ಲಿ ಪಟಪಟನೆ ಮುರಿಯಿತು. ಮೂರನೇ ಸಲ ಶೇ. 5ರ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದೆ. ಈ ಹಲಗೆ ಮುರಿದಾಗ ನಾರುಗಳೂ ತುಂಡಾದವು. ನನಗೆ ಹಬ್ಬ.

ಬಾಗಿಲು ಮಾಡಿ ನಿಲ್ಲಿಸಿದೆವು. ಮಾಮ ಅಂಗೈ ಊರಿ ಒತ್ತಿದರು. ಮುರಿಯಲಿಲ್ಲ, ಬಾಗಿತು.

"ಇದಕ್ಕೂ ಮದ್ದುಂಟಾ?"

ಇರಲಿಲ್ಲ. ನಾನು ಗಟ್ಟಿತನವನ್ನೂ ಬಿಗಿತನವನ್ನೂ ಒಂದೇ ಎಂದುಕೊಂಡಿದ್ದೆ. ಮೈ ತೊಳೆದರೆ ಹಿಡಿತ ಬರುತ್ತದೆ, ಬಿಗಿತ ಸ್ವಲ್ಪ ಏರುತ್ತದೆ, ಅಷ್ಟೇ. ಉಳಿದದ್ದು ನಾರಿನ ಹುಟ್ಟುಗುಣ, ಅದರ ಪ್ರಮಾಣ, ಅದು ಮಲಗಿರುವ ದಿಕ್ಕು. ಗಾಜಿನ ಎಳೆಯ ಬಿಗಿತ ಸುಮಾರು 70 ಗಿಗಾಪಾಸ್ಕಲ್. ತೆಂಗಿನ ನಾರಿನದು ಹೆಚ್ಚೆಂದರೆ ಐದಾರು, ಸುತ್ತಲಿನ ರಾಳಕ್ಕಿಂತ ತುಸುವೇ ಮೇಲು. ಆ ಗಾಜಿಗೂ ಎಳೆ ತೆಗೆಯುವಾಗಲೇ ಸಿಲೇನ್ ಎಂಬ ಲೇಪ ಹಚ್ಚಿರುತ್ತಾರೆ. ಲೇಪವಿಲ್ಲದಿದ್ದರೆ, ಅದರಲ್ಲೂ ನೀರು ತಾಗುವ ಕಡೆ, ಅದೂ ರಾಳವನ್ನು ಬಿಟ್ಟುಬಿಡುತ್ತದೆ.

ಕೊನೆಗೆ ಬಾಗಿಲಿನ ಎರಡೂ ಮೈಗೆ ತೆಳ್ಳಗೆ ಗಾಜಿನ ಮ್ಯಾಟ್ ಅಂಟಿಸಿ, ನಾರಿನ ಹಲಗೆಯನ್ನು ನಡುವೆ ಇಟ್ಟೆವು. ಆಗ ಬಾಗು ನಿಂತಿತು.

"ಕೆಲಸವೆಲ್ಲ ಗಾಜೇ ಮಾಡುವುದಾದರೆ ನನ್ನ ನಾರು ಯಾಕೆ?" ಎಂದರು ಮಾಮ.

ಎರಡು ಗಾಜಿನ ಪದರಗಳನ್ನು ದೂರ ಹಿಡಿದಿರುವುದು ನಾರೇ, ಆ ದೂರದಿಂದಲೇ ಬಿಗಿತ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಮರುವಾರ ಕೊಟ್ಟಿಗೆಯ ನಾರನ್ನೆಲ್ಲ ಹಾಸಿಗೆ ಮಾಡುವವರಿಗೆ ಮಾರಿದರು. ಬಾಗಿಲು ಮಾತ್ರ ಅವರ ಬಚ್ಚಲಿನಲ್ಲಿ ಈಗಲೂ ಇದೆ, ಕೆಳ ಅಂಚು ಸ್ವಲ್ಪ ಉಬ್ಬಿದೆ.