ಹಬ್ಬದ ಸೀರೆ ಮತ್ತು ನಮ್ಮ ಕಾಕು



ದಸರಾ ಹೊತ್ತಿಗೆ ನಮ್ಮ ಧಾರವಾಡ ಕಡೆ ಹೆಸರು, ಉದ್ದು ಮಾರಿದ ರೊಕ್ಕ ಮನೆಗೆ ಬಂದಿರುತ್ತದೆ. ಬನ್ನಿ ಕೊಟ್ಟು ತಗೊಂಡ ಮೇಲೆ ದೀಪಾವಳಿ ತನಕ ಎಲ್ಲರ ಮನೆಯಲ್ಲೂ ಹೊಸ ಅರಿವಿಯ ಮಾತೇ. ಮೊದಲು ನಮ್ಮ ಮನೆಯವರು ಧಾರವಾಡದ ಸುಭಾಸ ರೋಡಿಗೆ, ಇಲ್ಲವೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ತರುತ್ತಿದ್ದರು. ಈಗ ಅಂಗಡಿ ಫೋನಿನಲ್ಲಿಯೇ ಬಂದು ಕುಂತಿದೆ. 2025ರಲ್ಲಿ ಸೆಪ್ಟೆಂಬರ್ 23ಕ್ಕೆ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರದೂ ಹಬ್ಬದ ಮಾರಾಟ ಸುರುವಾಯಿತು. ಅವು ಖರೇ ಅಂಗಡಿಗಳು. ಆದರೆ ಜಾತ್ರೆ ಗದ್ದಲದಾಗ ಕಿಸೆಗಳ್ಳರು ಹೊಕ್ಕ ಹಾಗೆ ಅದೇ ದಿನಗಳಲ್ಲಿ ಸುಳ್ಳು ಅಂಗಡಿಗಳೂ ಹೊಕ್ಕುತ್ತವೆ. ನಮ್ಮ ಕಾಕುಗೆ ಸಿಕ್ಕಿದ್ದು ಅಂಥದ್ದು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಆದರ ನನ್ನ ಹೆಸರು ಹಾಕಬ್ಯಾಡ" ಅಂದಳು.

ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ರೇಷ್ಮೆ ಸೆರಗಿನ ಇಳಕಲ್ ಸೀರೆ, ಬರೇ 599 ರೂಪಾಯಿ. ಕೆಳಗೆ ಒಂದು ಗಡಿಯಾರ ಓಡುತ್ತಿತ್ತು, ಇನ್ನು ಹತ್ತೇ ನಿಮಿಷ ಅಂತ. ಪಾರ್ಸಲ್ ಬಂದ ಮೇಲೆ ರೊಕ್ಕ ಕೊಡುತ್ತೇವೆ ಅಂದರೆ ನಡೆಯುವುದಿಲ್ಲ, ಮೊದಲೇ ಕಟ್ಟಬೇಕು. ಕಾಕು ಹೆಸರು, ಊರು, ಫೋನ್ ನಂಬರ್ ತುಂಬಿ ರೊಕ್ಕ ಹಾಕಿದಳು. ಆಮೇಲೆ ಆಯಿಗೆ ಚಿತ್ರ ತೋರಿಸಿದಳು. ನಮ್ಮ ಆಯಿಗೆ ಓದಲು ಬರುವುದಿಲ್ಲ, ಆದರೆ ಸೀರೆ ಗೊತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ, ಅದು ಕೈಕೆಲಸ. "ಕೈಮಗ್ಗದ ರೇಷ್ಮಿ ಸೆರಗು ಆರನೂರಕ್ಕ ಯಾರ ಕೊಡ್ತಾರ ಯವ್ವಾ? ನೂಲಿನ ರೊಕ್ಕನೂ ಹುಟ್ಟಂಗಿಲ್ಲ" ಅಂದಳು ಆಯಿ. "ಹಬ್ಬದ ಆಫರ್ ಐತಿ ಅತ್ತಿ" ಅಂದಳು ಕಾಕು. ಎಲ್ಲಾ ಮುಗಿದ ಮೇಲೆ ನಾನು ಅದೇ ಪುಟ ತೆಗೆದು ನೋಡಿದೆ. ಗಡಿಯಾರ ಹತ್ತು ನಿಮಿಷದಿಂದ ಓಡುತ್ತಿತ್ತು. ಮುಚ್ಚಿ ತೆಗೆದೆ, ಮತ್ತೆ ಹತ್ತು!

599 ಹೋದರೆ ಹೋಗಲಿ ಅನ್ನಬಹುದಿತ್ತು. ಖರೇ ಪೆಟ್ಟು ಬಿದ್ದಿದ್ದು ಎಂಟು ದಿನದ ಮೇಲೆ. ಒಬ್ಬ ಫೋನ್ ಮಾಡಿ, "ಮೇಡಂ, ನಿಮ್ಮ ಇಳಕಲ್ ಸೀರೆ ಪಾರ್ಸಲ್ ಹುಬ್ಬಳ್ಳಿಯಲ್ಲಿ ನಿಂತಿದೆ, ವಿಳಾಸ ಸರಿ ಇಲ್ಲ" ಅಂತ ಚೊಲೋ ಕನ್ನಡದಲ್ಲಿ ಹೇಳಿದ. ಒಂದು ಫೈಲ್ ಕಳಿಸಿದ. ಅದರ ಹೆಸರಿನ ಕೊನೆಗೆ ಎ.ಪಿ.ಕೆ. ಅಂತ ಇತ್ತು. ಕಾಕು ಒತ್ತಿದಳು. ಫೋನು ಏನೇನೋ ಒಪ್ಪಿಗೆ ಕೇಳಿತು, ಎಲ್ಲಕ್ಕೂ ಹೂಂ ಅಂದಳು. ವಿಳಾಸ ತಿದ್ದಲು ಐದು ರೂಪಾಯಿ ಕಟ್ಟಿರಿ ಎಂದು ಎ.ಟಿ.ಎಂ. ಕಾರ್ಡಿನ ನಂಬರನ್ನೂ ತುಂಬಿಸಿಕೊಂಡಿತು. ಎ.ಪಿ.ಕೆ. ಅಂದರೆ ಚಿತ್ರವಲ್ಲ, ಚೀಟಿಯಲ್ಲ, ಅದು ಒಂದು ಆ್ಯಪ್. ಅಂಥ ಕಳ್ಳ ಆ್ಯಪ್ ಫೋನಿನೊಳಗೆ ಕುಂತು ಬ್ಯಾಂಕಿನ ಓ.ಟಿ.ಪಿ. ಮೆಸೇಜ್ ಓದಿ ಕಳ್ಳನಿಗೆ ಕಳಿಸುತ್ತದೆ. ಕಾಕು ಬಾಯಿಬಿಟ್ಟು ಯಾರಿಗೂ ಓ.ಟಿ.ಪಿ. ಹೇಳಲಿಲ್ಲ. ಆದರೂ ಮೊದಲು 9,500, ಆಮೇಲೆ 4,900 ಹೋಯಿತು. ಹೆಸರು ಮಾರಿದ ರೊಕ್ಕ ಅವಳ ಖಾತೆಯಲ್ಲೇ ಇತ್ತು.

ಕಾಕಾ ಬೈಯುತ್ತಾನೆ, ಮಂದಿ ನಗುತ್ತಾರೆ ಅಂತ ಕಾಕು ಮೂರು ದಿನ ಯಾರಿಗೂ ಹೇಳಲಿಲ್ಲ. ರೊಟ್ಟಿ ಬಡಿಯುವಾಗ ಸುಮ್ಮನೆ ಅಳುತ್ತಿದ್ದಳು. ಕೇಳಿದರೆ "ಒಲಿ ಹೊಗಿ" ಅಂದಳು. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ? ನಾಲ್ಕನೇ ದಿನ ಕಾಕಾ ಹಿಂಗಾರಿ ಕಡ್ಲಿ ಬೀಜ, ಗೊಬ್ಬರ ತರಲಿಕ್ಕೆ ರೊಕ್ಕ ತೆಗೆಯಲು ಹೋದಾಗ ಗೊತ್ತಾಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಅಪ್ಪ 1930ಕ್ಕೆ ಫೋನ್ ಹಚ್ಚಿದ. ಸೈಬರ್ ಮೋಸಕ್ಕೆ ಇಡೀ ದೇಶಕ್ಕೆ ಇದೊಂದೇ ನಂಬರ್. ಯಾವ ಬ್ಯಾಂಕು, ಎಷ್ಟು ರೊಕ್ಕ, ಎಷ್ಟು ಗಂಟೆಗೆ ಹೋಯಿತು, ಮೆಸೇಜಿನಲ್ಲಿರುವ ನಂಬರ್ ಏನು ಅಂತ ಕೇಳಿ ಬರಕೊಂಡರು. ಮರುದಿನ ಅಪ್ಪ, ಕಾಕಾ ಧಾರವಾಡದ ಸಿ.ಇ.ಎನ್. ಠಾಣೆಗೆ ಹೋದರು. ಸೈಬರ್ ಕಳವು ನೋಡುವುದು ಆ ಠಾಣೆಯೇ. ಕಳ್ಳರು ರೊಕ್ಕವನ್ನು ಒಂದೇ ಖಾತೆಯಲ್ಲಿ ಇಡುವುದಿಲ್ಲವಂತೆ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಕಿ ತೆಗೆದುಬಿಡುತ್ತಾರೆ. ಮೊದಲ ತಾಸಿನಲ್ಲೇ ಹೇಳಿದರೆ ಬ್ಯಾಂಕಿನವರು ನಡುವೆ ತಡೆಯಬಹುದು. "ಮೂರು ದಿನ ಅಂದ್ರ ಭಾಳ ಆತ್ರಿ" ಅಂದರಂತೆ. ನಮ್ಮದರಲ್ಲಿ 2,300 ರೂಪಾಯಿ ಮಾತ್ರ ಸಿಕ್ಕು ತಡೆದಿದ್ದಾರೆ, ಅದೂ ಇನ್ನೂ ಕೈಗೆ ಬಂದಿಲ್ಲ. ಕಡ್ಲಿ ಬಿತ್ತಲು ಆಯಿ ತನ್ನ ಬೋರಮಾಳ ಸರ ಒತ್ತಿ ಇಟ್ಟಳು.

ಇನ್ನೊಂದು ಮಾತನ್ನು ಠಾಣೆಯಲ್ಲಿ ಹೇಳಿ ಕಳಿಸಿದರು. ನಮಗೆ ರೊಕ್ಕ ಬರುವುದಿದ್ದರೆ ಯು.ಪಿ.ಐ. ಪಿನ್ ಒತ್ತುವುದು ಬೇಕಾಗಿಲ್ಲ. ಕೊಡುವಾಗ ಮಾತ್ರ ಪಿನ್. "ನಿಮ್ಮ ರೊಕ್ಕ ವಾಪಸ್ ಕೊಡ್ತೀವಿ, ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಅಂದರೆ ಅವನು ತಗೊಳ್ಳಲಿಕ್ಕೇ ಬಂದವನು.

ಗೊತ್ತಾದ ಮೇಲೆ ಓಣಿಯಲ್ಲಿ ಕೆಲವರು "ಓದಿದಾಕಿ ಹಿಂಗ ಮಾಡಿಕೊಂಡ್ಲು ನೋಡ್ರಿ" ಅಂತ ನಕ್ಕರು. ನನಗೆ ಭಾಳ ಸಿಟ್ಟು ಬಂತು. ಕಾಕು ಹತ್ತನೇತ್ತ ಪಾಸು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ, ಒಂದು ರೂಪಾಯಿ ತಪ್ಪುವುದಿಲ್ಲ. ಆ ಕಳ್ಳನಿಗೆ ಅವಳ ಹೆಸರು, ಊರು, ಸೀರೆ ಇಳಕಲ್ಲಿನದು ಅನ್ನುವುದೂ ಗೊತ್ತಿತ್ತು. ಅವೆಲ್ಲಾ ಸುಳ್ಳು ಅಂಗಡಿಯಲ್ಲಿ ತುಂಬಿಸಿಕೊಂಡದ್ದೇ. ಅವರಿಗೆ 599 ರೂಪಾಯಿಗಿಂತ ಅದೇ ಹೆಚ್ಚು ಬೇಕಾಗಿತ್ತು ಅಂತ ನನಗೆ ಅನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಯಾರದಾದರೂ ಕಿಸೆ ಕತ್ತರಿಸಿದರೆ ಚಹಾ ಕುಡಿಸಿ ಸಮಾಧಾನ ಮಾಡುತ್ತಾರೆ. ಇದಕ್ಕೆ ಮಾತ್ರ ನಗುವುದು ಯಾಕೆ?

ದೀಪಾವಳಿ ಆದ ಮೇಲೆ ಸಂಘದ ಮೀಟಿಂಗಿಗೆ ಕಾಕು ನನ್ನನ್ನೂ ಕರಕೊಂಡು ಹೋದಳು. ಲೆಕ್ಕ ಓದಿದ ಮೇಲೆ ಎದ್ದು ನಿಂತು ತನಗಾದದ್ದನ್ನೆಲ್ಲಾ ಹೇಳಿದಳು. ಧ್ವನಿ ನಡುಗುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ಕುಂತ ಒಬ್ಬಾಕಿ "ನಂದೂ ಸಾವಿರದಾ ಎರಡನೂರು ಹೋಗೈತಿ, ಮನ್ಯಾಗ ಹೇಳಿಲ್ಲ" ಅಂದಳು. ಮತ್ತೊಬ್ಬಾಕಿಯದೂ ಹಾಗೆಯೇ. ಮೀಟಿಂಗ್ ಮುಗಿದು ಹೊರಗೆ ಬರುವಾಗ ಮೂರನೆಯಾಕಿ ತನ್ನ ಫೋನು ನನ್ನ ಕೈಯಲ್ಲಿ ಕೊಟ್ಟು, "ಇದರಾಗ ಅಂಥಾದ್ದು ಎ.ಪಿ.ಕೆ. ಏನರ ಹೊಕ್ಕೈತೇನು ನೋಡವಾ" ಅಂದಳು.

- ಏಳನೇ ತರಗತಿಯ ವಿದ್ಯಾರ್ಥಿನಿ