ಸ್ಪೈಕು ಬಂದ ಸುದ್ದಿ

ಕೊಡಿಗೇಹಳ್ಳಿಯ ನಮ್ಮ ಬೀದಿಯ ಇಸ್ತ್ರಿಯವನಿಗೆ ನಮ್ಮ ಗುಂಪಿನ ಮೇಲೆ ಬಹಳ ಕಾಲ ಅನುಮಾನವಿತ್ತು. ಬಟ್ಟೆ ತಾರದೆ ಬರೀ ಇದ್ದಿಲು ಕೇಳಿಕೊಂಡು ಬರುವ ಗಿರಾಕಿಗಳನ್ನು ಅವನು ಕಂಡವನಲ್ಲ. ಬರುವವರೋ ನೋಡಿದರೆ ಸಂಭಾವಿತರು: ನಿವೃತ್ತ ಬ್ಯಾಂಕ್ ಮ್ಯಾನೇಜರು, ಒಬ್ಬರು ಹೆಡ್‌ಮಿಸ್ಟ್ರೆಸ್ಸು, ಗಡ್ಡದ ಸಾಫ್ಟ್‌ವೇರ್ ಹುಡುಗ. "ಪುಡಿ ಬೇಡಪ್ಪ, ಹೆಬ್ಬೆರಳು ಗಾತ್ರದ್ದೇ ಆರಿಸಿ ಕೊಡು" ಎಂಬ ಷರತ್ತು ಬೇರೆ. ಇವರೆಲ್ಲ ತಿಂಗಳಿಗೊಂದು ಭಾನುವಾರ ಮನೆಯಲ್ಲಿ ಹೇಳದೆ ಎಲ್ಲೋ ಸೇರಿ ಕಬಾಬ್ ಸುಡುತ್ತಾರೆ ಎಂದು ಅವನು ತೀರ್ಮಾನಿಸಿದ್ದ. ಗುಂಪಿನಲ್ಲಿ ಬೆಳ್ಳುಳ್ಳಿ ಮುಟ್ಟದವರೂ ಇದ್ದಾರೆಂಬುದು ಅವನಿಗೆ ಗೊತ್ತಿರಲಿಲ್ಲ. "ಗಿಡಕ್ಕೆ ಕಣಯ್ಯ" ಎಂದರೆ ನಂಬಲಿಲ್ಲ. "ಗಿಡಕ್ಕೆ ಮಣ್ಣು ಹಾಕ್ತಾರೆ ಸಾರ್, ಇದ್ದಿಲು ಯಾರು ಹಾಕ್ತಾರೆ?"

ನ್ಯಾಯವಾದ ಪ್ರಶ್ನೆಯೇ. ಬಳ್ಳಾರಿ ರಸ್ತೆ ದಾಟಿದರೆ ಜಿಕೆವಿಕೆ, ಕೃಷಿ ವಿಶ್ವವಿದ್ಯಾಲಯದ ಆವರಣ. ನವೆಂಬರಿನ ಕೃಷಿಮೇಳಕ್ಕೆ ಬಸ್ಸುಗಟ್ಟಲೆ ಬರುವ ರೈತರು ಮಣ್ಣನ್ನೇ ನಂಬಿದವರು. ಅದೇ ರಸ್ತೆಯ ಈಚೆ ದಡದಲ್ಲಿ, ಮಣ್ಣು ತಗಲಿದರೆ ಬೇರು ಕೊಳೆತೀತೆಂದು ಹೆದರಿ ಇದ್ದಿಲು, ಇಟ್ಟಿಗೆಚೂರು, ತೆಂಗಿನ ಸಿಪ್ಪೆಗಳಲ್ಲಿ ಗಿಡ ನಿಲ್ಲಿಸುವ ನಾವು. ವ್ಯಾಂಡಾ ಜಾತಿಗೆ ಅದೂ ಬೇಡ. ತಳವಿಲ್ಲದ ಮರದ ಬುಟ್ಟಿಯಲ್ಲಿ ತೂಗುಹಾಕಿ, ಜೋತ ಬೇರುಗಳಿಗೆ ದಿನಾ ಬೆಳಿಗ್ಗೆ ನೀರು ಸಿಂಪಡಿಸಿದರಾಯಿತು. ಆ ನೀರು ಕೆಳಮನೆಯವರ ಒಣಗುವ ಸೀರೆಗಳ ಮೇಲೆ ತೊಟ್ಟಿಕ್ಕುತ್ತದೆ. ಅಪಾರ್ಟ್‌ಮೆಂಟ್ ಸಂಘದ ನಡಾವಳಿ ಪುಸ್ತಕದಲ್ಲಿ ಆರ್ಕಿಡ್ ಎಂಬ ಪದ ಮೊದಲ ಸಲ ದಾಖಲಾದದ್ದು ಈ ಸಂದರ್ಭದಲ್ಲೇ.

ನಮ್ಮದೇನೂ ದೊಡ್ಡ ಸಂಘವಲ್ಲ. ದೊಡ್ಡದು ಬೇರೆ ಇದೆ, ದಿ ಆರ್ಕಿಡ್ ಸೊಸೈಟಿ ಆಫ್ ಕರ್ನಾಟಕ, ಬಾಯಿಮಾತಿನಲ್ಲಿ ಟಾಸ್ಕರ್. ಲಾಲ್‌ಬಾಗಿನ ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನದಲ್ಲಿ ಅವರ ಪ್ರದರ್ಶನವಿದ್ದಾಗ ನಾವು ಹೋಗಿ, ಹೂಗಳ ಮುಂದೆ ನಿಂತು ನಿಟ್ಟುಸಿರು ಬಿಟ್ಟು, ಕೊಳ್ಳಬಾರದೆಂದುಕೊಂಡದ್ದನ್ನೆಲ್ಲ ಕೊಂಡು ವಾಪಸಾಗುತ್ತೇವೆ. ನಮ್ಮದು ಕೊಡಿಗೇಹಳ್ಳಿ, ತಿಂಡ್ಲು, ಸಹಕಾರನಗರಗಳ ಹತ್ತಾರು ಮಂದಿಯ ಕೂಟ. ಅಧ್ಯಕ್ಷರಿಲ್ಲ, ಬೈಲಾ ಇಲ್ಲ. ತಿಂಗಳಿಗೊಮ್ಮೆ ಯಾರದಾದರೂ ತಾರಸಿಯಲ್ಲಿ, ಕಪ್ಪು ಶೇಡ್‌ನೆಟ್ ಕೆಳಗೆ, ಚಾಪೆ ಹಾಸಿ ಕೂರುತ್ತೇವೆ. ಒಬ್ಬೊಬ್ಬರೂ ಒಂದು ಗಿಡ ತರಬೇಕು. ಹೂ ಬಿಟ್ಟದ್ದನ್ನು ತರಬೇಕೆಂಬುದು ಮೂಲ ಉದ್ದೇಶ. ಆದರೆ ಬರುವುದು ಹೆಚ್ಚಾಗಿ ರೋಗಿಗಳೇ. ಟವೆಲಿನಲ್ಲಿ ಸುತ್ತಿದ ಡೆಂಡ್ರೋಬಿಯಮ್ಮು, ಎಲೆಯೆಲ್ಲ ಹಳದಿಯಾದ ಕ್ಯಾಟ್ಲೆಯಾ. ಕುಂಡದಿಂದ ಎತ್ತಿ ಬೇರು ನೋಡುತ್ತಾರೆ. ಬಿಳಿಯಾಗಿ ಗಟ್ಟಿಯಾಗಿದ್ದರೆ ಸಮಾಧಾನ; ಕಂದು ಬಣ್ಣಕ್ಕೆ ತಿರುಗಿ ಒತ್ತಿದರೆ ಪಿಚಕ್ಕೆನ್ನುವಂತಿದ್ದರೆ ಎಲ್ಲರೂ ಒಮ್ಮೆ "ಅಯ್ಯೋ" ಎಂದು, ಆಮೇಲೆ ಕತ್ತರಿ ತೆಗೆಯುತ್ತಾರೆ. ಕತ್ತರಿಸಿದ ಜಾಗಕ್ಕೆ ಚಕ್ಕೆಪುಡಿ ಮೆತ್ತಬೇಕು. ಬೂಷ್ಟಿಗೆ ಅದು ಮದ್ದು. ನಮ್ಮ ಮನೆಗಳಲ್ಲಿ ಪಲಾವಿನ ರುಚಿ ಕೆಟ್ಟಿದ್ದರೆ ಕಾರಣ ಇದೇ.

ಹೊರಗಿನವರು ಕೇಳುವುದು ಹೂವಿನ ಬಗ್ಗೆ. ಒಳಗಿನವರು ಮಾತಾಡುವುದು ನೀರಿನ ಬಗ್ಗೆ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಮನುಷ್ಯರು ಕುಡಿಯಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಗಿಡಗಳು 100 ದಾಟಿದರೆ ಎಲೆತುದಿ ಕಪ್ಪಾಗಿಸಿಕೊಂಡು ಮುಷ್ಕರ ಹೂಡುತ್ತವೆ. ಹಾಗಾಗಿ ಗಂಡಸರ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟಿಡಿಎಸ್ ಮೀಟರ್ ಬಂದಿದೆ. ಬೀಗರ ಮನೆಗೆ ಊಟಕ್ಕೆ ಹೋಗಿ, ಲೋಟದಲ್ಲಿ ಕೊಟ್ಟ ನೀರಿಗೆ ಮೀಟರ್ ಅದ್ದಿ ನೋಡಿದವರೊಬ್ಬರು ನಮ್ಮಲ್ಲಿದ್ದಾರೆ. ಆ ಸಂಬಂಧ ಇನ್ನೂ ಪೂರ್ತಿ ಸುಧಾರಿಸಿಲ್ಲ. ಬೋರ್‌ವೆಲ್ ನೀರು ಗಿಡಕ್ಕಾಗದು, ಆರ್‌ಓ ನೀರು ದುಬಾರಿ, ಮಳೆನೀರು ಅಮೃತ. ಮೇ ತಿಂಗಳ ಮೊದಲ ಗುಡುಗಿಗೆ ಉಳಿದ ಮನೆಗಳಲ್ಲಿ ಬಟ್ಟೆ ಎತ್ತಲು ಓಡಿದರೆ, ನಮ್ಮ ಮನೆಗಳಲ್ಲಿ ಬಕೆಟ್ ಇಡಲು ಓಡುತ್ತಾರೆ.

ಹಾಗೆ ನೋಡಿದರೆ ಬೆಂಗಳೂರು ಆರ್ಕಿಡ್ಡಿಗೆ ಕೆಟ್ಟ ಊರಲ್ಲ. 900 ಮೀಟರಿಗೂ ಮೇಲಿನ ಎತ್ತರ, ಡಿಸೆಂಬರಿನ ತಣ್ಣನೆ ರಾತ್ರಿ. ರಾತ್ರಿಯ ಆ ಚಳಿಗೇ ಫೆಲನಾಪ್ಸಿಸ್ ಎಲೆಯ ಬುಡದಿಂದ ಹೂದಂಟು ಇಣುಕುವುದು. ಅದಕ್ಕೆ ಸ್ಪೈಕು ಎನ್ನುತ್ತೇವೆ. ಸ್ಪೈಕು ಬಂದರೆ ಹೂ ಬಿಡಲು ಇನ್ನೂ ಎರಡು ಮೂರು ತಿಂಗಳಿರುತ್ತದೆ, ಆದರೂ ಸುದ್ದಿ ಅದೇ ದಿನ ತಿಂಡ್ಲು ಮುಟ್ಟುತ್ತದೆ. ನೋಡಲು ಬಂದವರಲ್ಲಿ ಒಬ್ಬರಾದರೂ "ಇದು ಸ್ಪೈಕಲ್ಲ, ಬೇರು" ಎಂದು ಹೇಳಿಯೇ ಹೋಗುವುದು. ಮೊಳೆಯುವಾಗ ಎರಡೂ ಒಂದೇ ತರ ಕಾಣುತ್ತವೆ. ಸ್ಪೈಕೋ ಬೇರೋ ಎಂದು ತಿಳಿಯದ ಆ ಹದಿನೈದು ದಿನಗಳಿವೆಯಲ್ಲ, ಮನೆಯವರೊಡನೆ ಜಗಳ ಕಡಿಮೆ, ಬೆಳಿಗ್ಗೆ ಏಳುವುದು ಬೇಗ.

ವರ್ಷಕ್ಕೊಮ್ಮೆ ನಮ್ಮಲ್ಲಿ ಯಾರಾದರೂ ಎದ್ದು ನಿಂತು, ಮಣ್ಣಿಲ್ಲದೆ ಮರಕ್ಕೆ ಅಂಟಿ ಬದುಕುವ ಈ ಗಿಡಗಳಿಗೂ ಊರುಬಿಟ್ಟು ಬೆಂಗಳೂರಿಗೆ ಅಂಟಿಕೊಂಡ ನಮಗೂ ಇರುವ ಸಾಮ್ಯದ ಬಗ್ಗೆ ಮಾತಾಡುವುದುಂಟು. ಉಳಿದವರು ಟೀ ಬಂತೇನೋ ನೋಡಲು ಏಳುತ್ತೇವೆ.

ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯ ತೋಟಗಾರರೊಬ್ಬರಿದ್ದಾರೆ, ಈಗ ಮಗನ ಮನೆಯಲ್ಲಿ. ಯಾವ ಆರ್ಕಿಡ್ ಬಗ್ಗೆಯಾದರೂ ಮಾತಾಡುತ್ತಾರೆ, ವೆನಿಲ್ಲಾ ಒಂದನ್ನು ಬಿಟ್ಟು. ವೆನಿಲ್ಲಾವೂ ಆರ್ಕಿಡ್ಡೇ, ಮೆಕ್ಸಿಕೋದಿಂದ ಹೊರಟು ಬಂದ ಬಳ್ಳಿ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ನಾಶವಾದ ಮೇಲೆ ನಮ್ಮ ಮಲೆನಾಡಿನಲ್ಲಿ ಅದರ ಬೆಲೆ ಏರಿದ್ದೇ ಏರಿದ್ದು. ಅಡಿಕೆ ಮರಕ್ಕೊಂದು ಬಳ್ಳಿ, ಬಳ್ಳಿಗೊಂದು ಕನಸು. ಹೂ ಅರಳುವುದು ಬೆಳಗಿನ ಜಾವ, ಮಧ್ಯಾಹ್ನಕ್ಕೆ ಬಾಡಿತು. ಅಷ್ಟರಲ್ಲಿ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಈ ಉಪಾಯ ಕಂಡುಹಿಡಿದವನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಹನ್ನೆರಡು ವರ್ಷದ ಗುಲಾಮ ಹುಡುಗ. ಅವನಿಂದ ಲೋಕವೆಲ್ಲ ಐಸ್‌ಕ್ರೀಂ ತಿಂದಿತು, ಅವನು ಬಡವನಾಗಿಯೇ ಸತ್ತ. ಮಲೆನಾಡಿಗರು ಹೆಂಡಿರು ಮಕ್ಕಳ ಸಮೇತ ಬೆಳಗಿನ ಕಾಫಿ ಬಿಟ್ಟು ಆ ಹುಡುಗನ ಕೈಕೆಲಸ ಕಲಿತರು. ಹಸಿ ಕೋಡು ಕಿಲೋಗೆ ಸಾವಿರಗಟ್ಟಲೆ ಎಂದಾಗ ಕಳ್ಳರೂ ಬಂದರು. ರಾತ್ರಿ ತೋಟ ಕಾಯಬೇಕಾಯಿತು. 2004ರ ನಂತರ ಬೆಲೆ ಕುಸಿದು, ಕಾಯುವುದಿರಲಿ, ಕೊಯ್ಯುವವರೂ ಇಲ್ಲವಾದರು. ನಮ್ಮ ತೋಟಗಾರರ ಮುಂದೆ ಈಗಲೂ ಯಾರೂ ವೆನಿಲ್ಲಾ ಐಸ್‌ಕ್ರೀಂ ತರಿಸುವುದಿಲ್ಲ. ಬಟರ್‌ಸ್ಕಾಚ್ ಆದೀತು. ಆದರೆ ಅವರ ಮಗನ ಮನೆಯ ಹಿತ್ತಿಲಲ್ಲಿ, ನೀರಿನ ಟ್ಯಾಂಕಿನ ಮರೆಗೆ, ಒಂದು ಬಳ್ಳಿ ಹಬ್ಬಿದೆ. ಕೇಳಿದರೆ "ಅದು ವೀಳ್ಯದೆಲೆ" ಎಂದರು. ವೀಳ್ಯದೆಲೆ ನಾವೂ ನೋಡಿದ್ದೇವೆ.

ನನ್ನದೂ ಅದೇ ಸೀಮೆ. ನಮ್ಮ ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಇತ್ತು. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಬಿಳಿಗೆಂಪು ಹೂಗಳ ಗೊನೆ ಜೋಲುತ್ತಿತ್ತು. ಅಮ್ಮ ಏಣಿಯಿಟ್ಟು ಒಂದು ದಂಡೆ ಕಿತ್ತು ತುರುಬಿಗೆ ಸುತ್ತಿಕೊಂಡರೆ, ಮತ್ತೆ ಮುಂದಿನ ವರ್ಷದವರೆಗೆ ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ನೀರಿಲ್ಲ, ಗೊಬ್ಬರವಿಲ್ಲ, ಮೀಟರಿಲ್ಲ. ಅಜ್ಜನಂತೂ ಅದನ್ನೂ ಬಂದಣಿಕೆಯ ಲೆಕ್ಕಕ್ಕೆ ಸೇರಿಸಿ ಕತ್ತಿ ಹಿಡಿದು ಹೊರಡುತ್ತಿದ್ದ. ಬಂದಣಿಕೆ ಮರದ ರಸ ಹೀರುತ್ತದೆ. ಸೀತಾಳೆ ಕೂರಲು ಜಾಗ ಕೇಳುತ್ತದೆ, ಅಷ್ಟೇ. ಅಜ್ಜನಿಗೆ ಇದನ್ನು ಹೇಳಿ ಗೆದ್ದದ್ದು ಅಮ್ಮನ ತುರುಬು. ದೂರದ ಅಸ್ಸಾಮಿನಲ್ಲಿ ಬಿಹು ಕುಣಿಯುವ ಹುಡುಗಿಯರು ಮುಡಿಯುವುದೂ ಇದೇ ಹೂ, ಅಲ್ಲಿನ ರಾಜ್ಯಪುಷ್ಪವೂ ಹೌದು.

ಊರಿಂದ ತಮ್ಮನೊಬ್ಬ "ಒಂದು ಗೋಣಿಚೀಲ ತುಂಬ ಕಿತ್ತು ತರಲಾ?" ಎಂದು ಕೇಳಿದ್ದ. ಬೇಡವೆಂದೆ. ಕಾಡಿನದು ಕಾಡಿನಲ್ಲಿರಲಿ ಎಂಬುದು ನಮ್ಮ ಗುಂಪಿನ ಏಕೈಕ ಕಟ್ಟಳೆ. ಜೋಸೆಫ್ ಹೂಕರ್ ಎಂಬ ಸಸ್ಯಶಾಸ್ತ್ರಜ್ಞ 1850ರಲ್ಲಿ ಖಾಸಿ ಬೆಟ್ಟದಿಂದ ಏಳು ಆಳು ಹೊರುವಷ್ಟು ನೀಲಿ ವ್ಯಾಂಡಾ ಕಿತ್ತು ಇಂಗ್ಲೆಂಡಿಗೆ ಕಳಿಸಿದ. ಜೀವಸಹಿತ ಮುಟ್ಟಿದ್ದು ಕೆಲವೇ ಕೆಲವು. ಆ ನೀಲಿ ವ್ಯಾಂಡಾಕ್ಕೆ ಈಗ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹೂಕರನನ್ನು ಬೈದು ಗೋಣಿಚೀಲಕ್ಕೆ ಕೈಯೊಡ್ಡುವುದು ಹೇಗೆ? ಕೊನೆಗೆ ನರ್ಸರಿಯಲ್ಲಿ ಬೆಳೆಸಿದ ಸೀತಾಳೆಯನ್ನು ದುಡ್ಡು ಕೊಟ್ಟು ಕೊಂಡೆ. ಹಲಸಿನ ಮರದಲ್ಲಿ ಬಿಟ್ಟಿ ಸಿಗುತ್ತಿದ್ದುದಕ್ಕೆ ಎಷ್ಟು ಕೊಟ್ಟೆನೆಂದು ಹೇಳಿದ್ದರೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಂದು ವಾರ ನಗುತ್ತಿದ್ದಳು. ನಗಲು ಅವಳಿಲ್ಲ. ಗಿಡ ಎಲೆ ಬಿಡುತ್ತಿದೆ, ಬೇರು ಬಿಡುತ್ತಿದೆ, ಹೂವಿನ ಮಾತೆತ್ತುತ್ತಿಲ್ಲ. ತಮ್ಮ ಮಾತ್ರ ಪ್ರತಿ ಮಳೆಗಾಲ ಹಲಸಿನ ಮರದ ಫೋಟೋ ತಪ್ಪದೆ ಕಳಿಸುತ್ತಾನೆ. ಕೆಳಗೆ "ಈ ಸಲವೂ ಏನೂ ಮಾಡಲಿಲ್ಲ" ಎಂದು ಬರೆದಿರುತ್ತಾನೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ರೈಲ್ವೆಯಿಂದ ನಿವೃತ್ತರಾದವರು. ಮನೆ ಕೊಡಿಗೇಹಳ್ಳಿ ಸ್ಟೇಷನ್ನಿನ ಹತ್ತಿರ. ಯಲಹಂಕದ ಕಡೆ ಹೋಗುವ ಗಾಡಿ ಶಿಳ್ಳೆ ಹೊಡೆದರೆ ಗಡಿಯಾರ ನೋಡಿ "ಲೇಟು" ಎಂದು, ಮತ್ತೆ ಗಿಡದ ಮಾತಿಗೆ ಬರುತ್ತಿದ್ದರು. ಎಂಬತ್ತು ಹತ್ತಿರವಿದ್ದಾಗ ಅವರು ಮಾಡಿದ ಕೆಲಸ ಎರಡು ಫ್ಲಾಸ್ಕ್ ವ್ಯಾಂಡಾ ತರಿಸಿದ್ದು. ಆರ್ಕಿಡ್‌ನ ಒಂದು ಕಾಯಲ್ಲಿ ಲಕ್ಷಗಟ್ಟಲೆ ಬೀಜವಿರಬಹುದು, ಧೂಳಿನಷ್ಟು ಸಣ್ಣವು. ಯಾವ ಬೀಜಕ್ಕೂ ಬುತ್ತಿ ಕಟ್ಟಿ ಕಳಿಸುವ ಪದ್ಧತಿ ಈ ಕುಲದಲ್ಲಿಲ್ಲ. ಕಾಡಿನಲ್ಲಾದರೆ ಒಂದು ಜಾತಿಯ ಬೂಷ್ಟು ಸಿಕ್ಕಿ ಉಣಿಸಿದರೆ ಮಾತ್ರ ಮೊಳಕೆ. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ಅಮೆರಿಕದ ವಿಜ್ಞಾನಿ ಬೂಷ್ಟಿನ ಹಂಗಿಲ್ಲದೆ, ಸಕ್ಕರೆ ಬೆರೆಸಿದ ಅಗರ್‌ನಲ್ಲೇ ಮೊಳೆಯಿಸಿ ತೋರಿಸಿದ. ಅಂದಿನಿಂದ ಇವು ಸೀಸೆಯಲ್ಲಿ ಹುಟ್ಟುತ್ತವೆ. ಸೀಸೆಯಿಂದ ಇಳಿದ ವ್ಯಾಂಡಾ ಹೂ ಬಿಡಲು ಐದು ವರ್ಷವೂ ಆದೀತು, ಏಳೂ ಆದೀತು. ಸಾಫ್ಟ್‌ವೇರ್ ಹುಡುಗ ಮನಸ್ಸಿನಲ್ಲೇ ಕೂಡಿಸಿದ್ದು ಅವನ ಮುಖದಲ್ಲಿ ಕಂಡಿತು. ಹಿರಿಯರು ನಕ್ಕು, "ನೀನು ಕೂಡಿಸಬೇಡ, ನಾನು ಕೂಡಿಸಿಯೇ ತರಿಸಿದ್ದು" ಎಂದರು.

ಫ್ಲಾಸ್ಕ್ ಒಡೆದ ದಿನ ದೊಡ್ಡ ಸಂಭ್ರಮ. ಒಂದರ ಮೇಲೆ ನೀಲಿ ಎಂದು ಚೀಟಿ, ಇನ್ನೊಂದರ ಮೇಲೆ ಗುಲಾಬಿ. ಎರಡು ಬೇಸಿನ್ನುಗಳಲ್ಲಿ ಪುಟ್ಟ ಸಸಿಗಳ ಅಗರ್ ತೊಳೆಯುತ್ತಿದ್ದೆವು. ಆಗ ಮೆಣಸಿನಕಾಯಿ ಬಜ್ಜಿ ಬಂತು. ಬಜ್ಜಿ ಬಂದ ಮೇಲಿನ ಐದು ನಿಮಿಷದ ಬಗ್ಗೆ ನಮ್ಮಲ್ಲಿ ಇಂದಿಗೂ ಒಮ್ಮತವಿಲ್ಲ. ಅಂತೂ ಹಿರಿಯರು ಪೆನ್ಸಿಲಿನಲ್ಲಿ ದುಂಡಗೆ ಚೀಟಿ ಬರೆದು ಒಂದೊಂದಕ್ಕೂ ಕಟ್ಟಿದರು. ಪೆನ್ಸಿಲೇ ಆಗಬೇಕು, ಪೆನ್ನಿನ ಬರಹ ಬಿಸಿಲಿಗೆ ಮಾಸುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮಗಳು ಟೊರಾಂಟೊಗೆ ಕರೆಸಿಕೊಂಡಳು. ಅವರಿಗೆ ವೀಸಾ ಸಿಕ್ಕಿತು, ಗಿಡಗಳಿಗೆ ಸಿಗಲಿಲ್ಲ. ಆರ್ಕಿಡ್ ಕುಲಕ್ಕೆ ಕುಲವೇ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಬೆಳೆದ ಗಿಡ ಗಡಿ ದಾಟಲು ಪರವಾನಗಿ ಬೇಕು, ಮೇಲೆ ರೋಗವಿಲ್ಲವೆಂಬ ಸರ್ಟಿಫಿಕೇಟು. ಪಟ್ಟಿಯ ಬಹುಪಾಲು ಜಾತಿಗಳಿಗೆ, ಸೀಸೆಯೊಳಗಿನ ಸಸಿಯಾಗಿದ್ದರೆ ಆ ಪರವಾನಗಿ ಬೇಡ. "ನೋಡಿ, ಬೇಗ ಹೋಗಿದ್ದರೆ ಚೆನ್ನಾಗಿತ್ತು" ಎಂದರು ಹಿರಿಯರು, ಗಿಡದ ಬಗ್ಗೆಯೇ ಇರಬೇಕು. ಹೊರಡುವ ಮುಂಚಿನ ಭಾನುವಾರ ಎಲ್ಲವನ್ನೂ ಹಂಚಿದರು. ಯಾರಿಗೆ ಯಾವುದೆಂದು ಅವರೇ ನಿರ್ಧರಿಸಿದ್ದರು. ನೀರು ಹಾಕುವುದು ಮರೆಯುವವರಿಗೆ ಗಟ್ಟಿ ಜಾತಿ, ಅತಿಯಾಗಿ ಹಾಕುವವರಿಗೆ ಬುಟ್ಟಿಯಲ್ಲಿ ತೂಗುವುದು. ನನಗೆ ಬಂದದ್ದು ಬುಟ್ಟಿ, ಚೀಟಿಯಲ್ಲಿ "ನೀಲಿ".

ಅಲ್ಲಿಂದ ವಿಡಿಯೋ ಕರೆ ಮಾಡುತ್ತಾರೆ. ಅಲ್ಲಿ ತರಕಾರಿ ಅಂಗಡಿಯಲ್ಲೇ, ಕೋಸಿನ ಪಕ್ಕದಲ್ಲಿ, ಹೂಬಿಟ್ಟ ಫೆಲನಾಪ್ಸಿಸ್ ಇಟ್ಟಿರುತ್ತಾರಂತೆ. ಜೊತೆಗೊಂದು ಚೀಟಿ: ವಾರಕ್ಕೆ ಮೂರು ಐಸ್ ಕ್ಯೂಬ್ ಇಡಿ, ಸಾಕು. ಇದನ್ನು ಕೇಳಿ ನಮ್ಮ ತಾರಸಿಯಲ್ಲಿ ಒಂದು ಕ್ಷಣ ಯಾರಿಗೂ ಮಾತು ಹೊರಡಲಿಲ್ಲ. ಮಳೆನೀರಿಗೆ ಬಕೆಟ್ ಹಿಡಿದು ಓಡಿದವರು ನಾವು. "ಹೂ ಚೆನ್ನಾಗಿದೆಯಾ ಸಾರ್?" ಎಂದು ಹೆಡ್‌ಮಿಸ್ಟ್ರೆಸ್ಸು ಕೇಳಿದರು. "ಚೆನ್ನಾಗಿದೆ. ನಾನು ಮಾಡೋದು ಏನೂ ಇಲ್ಲ" ಎಂದರು.

ಕಳೆದ ನವೆಂಬರಿನಲ್ಲಿ ನನ್ನ ಬುಟ್ಟಿಯಲ್ಲಿ ಸ್ಪೈಕು ಬಂತು. ಬೇರಲ್ಲ, ಮೂವರು ಬಂದು ನೋಡಿ ಒಪ್ಪಿಕೊಂಡರು. ಟೊರಾಂಟೊಗೆ ಪ್ರತಿ ಮೊಗ್ಗಿನ ಚಿತ್ರ ಹೋಯಿತು. ಅರಳುವ ದಿನ ಎಲ್ಲರೂ ನಮ್ಮ ಬಾಲ್ಕನಿಯಲ್ಲಿ ಸೇರಿದ್ದರು. ಅಲ್ಲಿ ನಡುರಾತ್ರಿ, ಅವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಮೊದಲ ಹೂವಿಗೆ ಕ್ಯಾಮೆರಾ ಹಿಡಿದೆ. ಎಲ್ಲರೂ ನೋಡಿದೆವು, ಯಾರೂ ಬಾಯಿ ಬಿಡಲಿಲ್ಲ. ತೋಟಗಾರರು "ಬೆಳಕಿನ ದೋಷ ಇರಬಹುದು" ಎಂದರು. ಬೆಳಕಿನದೇನೂ ದೋಷವಿರಲಿಲ್ಲ. ಹೂ ಅಪ್ಪಟ ಗುಲಾಬಿ.

ಅವರು ಕನ್ನಡಕ ಮೇಲಕ್ಕೆತ್ತಿ, ಫೋನ್ ಹತ್ತಿರ ತಂದು ನೋಡಿದರು. ಆಮೇಲೆ ಅಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ಕೋಣೆಯಿಂದ ಮಗಳು ಎದ್ದು ಬಂದಳು.

"ಸರಿ ಬಿಡಿ. ಗುಲಾಬಿ ಅಂತ ಬರೆದು ಯಾರ್‍ಯಾರಿಗೆ ಕೊಟ್ಟಿದ್ದೆ, ಪಟ್ಟಿ ಮಾಡಿ. ಮುಂದಿನ ಭಾನುವಾರ ಅವರೆಲ್ಲ ಗಿಡ ತರಲಿ" ಎಂದರು. ಬ್ಯಾಂಕ್ ಮ್ಯಾನೇಜರು ಆಗಲೇ ಜೇಬಿನಿಂದ ಪೆನ್ಸಿಲ್ ತೆಗೆದಿದ್ದರು.